ಎರಡು ವಿಷಯ ಬಾಕಿ ಇದ್ದ ಗ್ಯಾರೇಜ್ ಹುಡುಗ: ಒಂದು ಪ್ರಕರಣ ಅಧ್ಯಯನ

ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಊರಿನ ಬೈಕ್ ಗ್ಯಾರೇಜು. ಅಲ್ಲಿ ಕೆಲಸಕ್ಕಿರುವ ಹುಡುಗನಿಗೆ 18 ತುಂಬಿದೆ. 2022ರಲ್ಲಿ ಎಸ್ಸೆಸ್ಸೆಲ್ಸಿ ಬರೆದ. ಗಣಿತ, ವಿಜ್ಞಾನ ಎರಡೂ ಹೋದವು. ಆಮೇಲೆ ಶಾಲೆಯ ಕಡೆ ತಲೆ ಹಾಕಿಲ್ಲ. ಇದು ಯಾವ ಒಬ್ಬ ವ್ಯಕ್ತಿಯ ಗುರುತೂ ಅಲ್ಲ. ಈ ಭಾಗದಲ್ಲಿ ಪದೇಪದೇ ಎದುರಾಗುವ ಸ್ಥಿತಿಯನ್ನು ಒಂದೇ ಮುಖಕ್ಕೆ ಜೋಡಿಸಿ ಇಲ್ಲಿ ಬರೆದಿದೆ. ಕೂಲಿ, ಅಂಕ, ಗಂಟೆಗಳ ಲೆಕ್ಕ ಆ ಜೋಡಣೆಗೆ ಸೇರಿದ್ದು. ನಿಯಮ, ಯೋಜನೆ, ಪರೀಕ್ಷೆಯ ವಿವರಗಳು ಇದ್ದದ್ದು ಇದ್ದ ಹಾಗೆ ಇವೆ.

ಇಂಥವರು ಎಷ್ಟು ಮಂದಿ ಎಂಬುದಕ್ಕೆ ಒಂದು ಅಂದಾಜು ಇದೆ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್‌ನ 2023ರ ಸಮೀಕ್ಷೆ ದೇಶದ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18ರವರನ್ನು ನೋಡಿತು. 14ರ ವಯಸ್ಸಿನವರಲ್ಲಿ ಎಲ್ಲೂ ದಾಖಲಾಗದವರು ಶೇ 3.9. 18ಕ್ಕೆ ಬರುವಾಗ ಅದು ಶೇ 32.6. ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 43.3 ಮಾತ್ರ. ಈ ಭಾಗಾಕಾರದ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹುಡುಗನ ಲೆಕ್ಕ ಸರಳ. ಬೆಳಗ್ಗೆ 9ಕ್ಕೆ ಹೋದರೆ ರಾತ್ರಿ 8 ದಾಟುತ್ತದೆ. ದಿನಕ್ಕೆ ₹300, ವಾರಕ್ಕೆ ಆರು ದಿನ, ಶುಕ್ರವಾರ ರಜೆ. ಕೈಗೆ ಬರುವ ₹1,800ರಲ್ಲಿ ₹1,200 ತಾಯಿಗೆ. ತಾಯಿ ಹೊಲದ ಕೂಲಿ, ತಂಗಿ ಎಂಟನೇ ತರಗತಿ. ಅವರ ಊರು ಗ್ಯಾರೇಜು ಇರುವ ತಾಲ್ಲೂಕು ಕೇಂದ್ರದಿಂದ ಆರು ಕಿಲೋಮೀಟರು.

ಓದು ಎಲ್ಲಿ ಕಡಿಯಿತು ಎಂದು ಕೇಳಿದರೆ ಎಲ್ಲರೂ 2022ರ ಫಲಿತಾಂಶದ ದಿನವನ್ನು ತೋರಿಸುತ್ತಾರೆ. ಅದು ತಪ್ಪು. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ಇವನು ಎಂಟನೇ ತರಗತಿಯ ಕೊನೆಯಲ್ಲಿದ್ದ. ಒಂಬತ್ತನೇ ತರಗತಿ ಚಂದನ ವಾಹಿನಿಯ ಪಾಠ, ಅರ್ಧಕ್ಕೆ ನಿಂತು ಮತ್ತೆ ಶುರುವಾದ ವಿದ್ಯಾಗಮ (ಶಿಕ್ಷಕರು ಊರಿಗೇ ಬಂದು ಹೇಳುವ ಪಾಠ), ಪರೀಕ್ಷೆಯಿಲ್ಲದ ಬಡ್ತಿಯಲ್ಲಿ ಕಳೆಯಿತು. ಬೀಜಗಣಿತ ಗಟ್ಟಿಯಾಗಬೇಕಾದ ವರ್ಷವೇ ಅದು. ಆ ವರ್ಷ ಮನೆಯಲ್ಲಿ ಸುಮ್ಮನೆ ಕೂರುವ ಬದಲು ಗ್ಯಾರೇಜಿಗೆ ಹೋಗು ಎಂದರು, ಹೋದ. ಹತ್ತನೇ ತರಗತಿಗೆ ಮರಳಿದಾಗ ವರ್ಗ ಸಮೀಕರಣ ಅವನಿಗೆ ಪರಭಾಷೆಯಾಗಿತ್ತು. ಅಂದರೆ ಅಂಕಪಟ್ಟಿ ಬರುವ ಮೊದಲೇ ಅವನು ಶಾಲೆಯಿಂದ ಹೊರಗಿದ್ದ.

ಮೊದಲ ಮಾತು ಯಾರ ಜೊತೆ?

ಈ ಪ್ರಕರಣದಲ್ಲಿ ಕೆಲಸ ಮಾಡಿದ್ದು, ಓದು ಬಿಟ್ಟವರನ್ನು ಮತ್ತೆ ಓದಿಗೆ, ಒಳ್ಳೆಯ ಕೆಲಸಕ್ಕೆ ತರುವ ಒಬ್ಬ ಕಾರ್ಯಕರ್ತೆ. ಹುಡುಗ ಕರೆಯುವುದು 'ಅಕ್ಕಾರ' ಎಂದು. 2024ರ ಅಕ್ಟೋಬರಿನಲ್ಲಿ ಶುರು. ಮನೆಗೆ ಹೋಗಿ ತಾಯಿಯ ಮುಂದೆ ಓದಿನ ಮಾತೆತ್ತುವುದು ಸಾಮಾನ್ಯ ಪದ್ಧತಿ. ಅದರಿಂದ ಆಗುವುದಿಷ್ಟೇ: ತಾಯಿ ಕಣ್ಣೀರು ಹಾಕುತ್ತಾರೆ, ಹುಡುಗ ತಲೆ ತಗ್ಗಿಸಿ 'ಹೂಂರಿ' ಅನ್ನುತ್ತಾನೆ, ಮರುದಿನ ಫೋನ್ ಎತ್ತುವುದಿಲ್ಲ.

ಇಲ್ಲಿ ಆಕೆ ಮೊದಲು ಹೋದದ್ದು ಗ್ಯಾರೇಜಿಗೆ, ಸ್ಕೂಟಿಯ ಬ್ರೇಕ್ ಬಿಗಿ ಮಾಡಿಸಲು. ಮೂರು ಸಲ ಹೋದ ಮೇಲೆ ಉಸ್ತಾದರ, ಅಂದರೆ ಗ್ಯಾರೇಜು ನಡೆಸುವ ಹಿರಿಯ ಮೆಕ್ಯಾನಿಕ್‌ರ, ಜೊತೆ ಮಾತು. ಈ ಹುಡುಗನ ದಿನದ ಹನ್ನೊಂದು ಗಂಟೆ ಇರುವುದು ಉಸ್ತಾದರ ಕೈಯಲ್ಲಿ. ಅವರು ಒಪ್ಪದೆ ಯಾವ ವೇಳಾಪಟ್ಟಿಯೂ ಒಂದು ವಾರ ದಾಟುವುದಿಲ್ಲ. ಅವರ ಆಕ್ಷೇಪ ನೇರವಾಗಿಯೇ ಬಂತು: "ಕಲಿಸಿ ತಯಾರ್ ಮಾಡಿದ ಮ್ಯಾಲ ಪಾಸಾಗಿ ಹೋದ್ರ, ನನ್ನ ಕೆಲಸ ಯಾರ ಮಾಡ್ತಾರ‍್ರೀ?" ಇದಕ್ಕೆ ಶಿಕ್ಷಣದ ಮಹತ್ವ ಹೇಳಿದರೆ ಉತ್ತರವಾಗುವುದಿಲ್ಲ.

ಉತ್ತರ ಗ್ಯಾರೇಜಿನಲ್ಲೇ ಇತ್ತು. 2020ರ ಏಪ್ರಿಲ್‌ನಿಂದ ಬಿಎಸ್-6 ಬೈಕುಗಳು ಬಂದವು, ಹೆಚ್ಚಿನವುಗಳಲ್ಲಿ ಕಾರ್ಬ್ಯುರೇಟರ್ ಜಾಗಕ್ಕೆ ಫ್ಯುಯಲ್ ಇಂಜೆಕ್ಷನ್ ಬಂತು. ಕಾರ್ಬ್ಯುರೇಟರನ್ನು ಕಿವಿಯಿಂದಲೇ ಟ್ಯೂನ್ ಮಾಡುವ ಉಸ್ತಾದರು, ಇಂಜಿನ್ ಲೈಟ್ ಹೊತ್ತಿದ ಹೊಸ ಬೈಕು ಬಂದರೆ 'ಶೋರೂಮಿಗೆ ಒಯ್ಯಿ' ಅನ್ನಬೇಕಾಗಿತ್ತು. ಹಾಗೆ ಕೈಬಿಟ್ಟ ಗಾಡಿಗಳನ್ನು ಹದಿನೈದು ದಿನ ಗೋಡೆಯ ಮೇಲೆ ಚಾಕ್‌ಪೀಸಿನಿಂದ ಗೀಟು ಹಾಕಿ ಎಣಿಸಲು ಹೇಳಲಾಯಿತು. ಹದಿನೇಳು ಗೀಟು ಬಿದ್ದವು. ಅಲ್ಲಿಂದ ಮಾತಿನ ಧಾಟಿ ಬದಲಾಯಿತು: ಹೊಸ ಬೈಕಿನ ದೋಷ ತೋರಿಸುವ ಸ್ಕ್ಯಾನರ್ ಓದಬಲ್ಲ ಹುಡುಗ ತಮ್ಮಲ್ಲೇ ಇದ್ದರೆ? ಒಪ್ಪಂದ ಹೀಗೆ ಆಯಿತು: ವಾರದಲ್ಲಿ ನಾಲ್ಕು ದಿನ ಹುಡುಗ 9ರ ಬದಲು 9:15ಕ್ಕೆ ಬರಬಹುದು, ಪರೀಕ್ಷೆ ದಿನಗಳಿಗೆ ಕೂಲಿ ಕಡಿಯುವಂತಿಲ್ಲ, ಪರೀಕ್ಷೆಯ ನಂತರ ಅದಕ್ಕೆ ಬೇಕಾದ ತರಬೇತಿ ಮುಗಿದ ಮೇಲೆ ಅವನು ಕನಿಷ್ಠ ಆರು ತಿಂಗಳು ಇಲ್ಲೇ ಇರಬೇಕು. ಕಾಗದದ ಮೇಲೆ ಏನೂ ಬರೆಯಲಿಲ್ಲ. ಬರೆದಿದ್ದರೆ ಬಹುಶಃ ಮುರಿದು ಬೀಳುತ್ತಿತ್ತು.

ಕಾಗದಪತ್ರ

ಓದು ಶುರುವಾಗುವ ಮೊದಲು ದಾಖಲೆ ನೋಡಬೇಕು, ಯಾಕೆಂದರೆ ನೋಂದಣಿಯ ಕೊನೆಯ ದಿನ ನಮಗಾಗಿ ಕಾಯುವುದಿಲ್ಲ. ಇವನದು ಮಾಮೂಲಿ ತೊಡಕು: ಅಂಕಪಟ್ಟಿಯಲ್ಲಿ ಹುಟ್ಟಿದ್ದು 2006ರ ಜೂನ್, ಆಧಾರ್‌ನಲ್ಲಿ 2005ರ ಜನವರಿ 1. ಆಧಾರ್ ಮಾಡಿಸುವಾಗ ತಾರೀಖು ಗೊತ್ತಿಲ್ಲದವರಿಗೆ ಜನವರಿ 1 ಬೀಳುವುದು ಹಳ್ಳಿಗಳಲ್ಲಿ ಹೊಸದಲ್ಲ.

ಇಲ್ಲಿ ದಿಕ್ಕು ತಪ್ಪಬಾರದು. ಆಧಾರ್‌ಗೆ ಹೊಂದಲಿ ಎಂದು ಶಾಲಾ ದಾಖಲೆ ತಿದ್ದಿಸಲು ಹೊರಟರೆ ವರ್ಷಗಟ್ಟಲೆ ಅಲೆದಾಟ, ಕೆಲವೊಮ್ಮೆ ಕೋರ್ಟು. ಅಂಕಪಟ್ಟಿಯನ್ನೇ ಪುರಾವೆಯಾಗಿ ಕೊಟ್ಟು ಆಧಾರ್ ತಿದ್ದಿಸಬೇಕು. ಆಧಾರ್‌ನಲ್ಲಿ ಜನ್ಮದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ, ಹೆಸರಿಗೆ ಎರಡು. ಆದ್ದರಿಂದ ಇನಿಶಿಯಲ್, ಅಪ್ಪನ ಹೆಸರು, ಕನ್ನಡ ಮತ್ತು ಇಂಗ್ಲಿಷ್ ಕಾಗುಣಿತ ಎಲ್ಲವನ್ನೂ ಅಂಕಪಟ್ಟಿಯ ಪಕ್ಕ ಇಟ್ಟು, ಆಪರೇಟರ್ ಗುಂಡಿ ಒತ್ತುವ ಮುನ್ನ ಪರದೆಯ ಮೇಲೆ ಓದಿ ನೋಡಬೇಕು. ಈ ಪ್ರಕರಣದಲ್ಲಿ ಎರಡು ಶುಕ್ರವಾರ ಇದಕ್ಕೇ ಹೋದವು. ಜೊತೆಗೆ ನಾಡಕಚೇರಿಯಿಂದ ಜಾತಿ, ಆದಾಯ ಪತ್ರ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ.

ಯುವನಿಧಿ ಸಿಗುತ್ತದಾ ಎಂದು ತಾಯಿ ಕೇಳಿದರು. ಎಲ್ಲರೂ ಕೇಳುತ್ತಾರೆ. ಅದು ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾ ಮುಗಿಸಿದವರಿಗೆ ₹1,500. ಎಸ್ಸೆಸ್ಸೆಲ್ಸಿಯಲ್ಲೇ ನಿಂತವನಿಗೆ ಏನೂ ಇಲ್ಲ. ಅತಿ ಹೆಚ್ಚು ದೂರ ಸರಿದವರಿಗೇ ಕೈಗೆಟುಕದ ಏಣಿ ಅದು.

ಶಾಲೆಗೆ ಹೋಗುವುದೇ ದೊಡ್ಡ ಅಡ್ಡಿಯಾಗಿತ್ತು. ಬಾಕಿ ವಿಷಯ ಬರೆಯುವವರು ತಾವು ಓದಿದ ಶಾಲೆಯ ಮೂಲಕವೇ ನೋಂದಾಯಿಸಬೇಕು. ಮುಖ್ಯೋಪಾಧ್ಯಾಯರ ಲಾಗಿನ್‌ನಿಂದಲೇ ಅದು ಆಗುವುದು. ಎರಡು ವಿಷಯಕ್ಕೆ ಶುಲ್ಕ ಐನೂರರ ಆಚೀಚೆ. ದುಡ್ಡು ಸಮಸ್ಯೆಯಾಗಲಿಲ್ಲ. ಮಸಿ ಮೆತ್ತಿದ ಅಂಗಿಯಲ್ಲಿ, ತಂಗಿ ಓದುವ ಅದೇ ಶಾಲೆಯ ಗೇಟು ದಾಟಬೇಕಲ್ಲ, ಅದು ಸಮಸ್ಯೆ. ಸಂಜೆ 4:30ರ ಮೇಲೆ, ಮಕ್ಕಳು ಹೋದ ನಂತರ, ಹಿಂದಿನ ದಿನವೇ ಫೋನ್ ಮಾಡಿ ಸಮಯ ಗೊತ್ತುಮಾಡಿ ಹೋದದ್ದಕ್ಕೆ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಗುಮಾಸ್ತರಿಗೆ ಹಳೆ ನೋಂದಣಿ ಸಂಖ್ಯೆ ಬೇಕು. ಅಂಕಪಟ್ಟಿ ಕಳೆದಿದ್ದರೆ ಮೊದಲು ಡಿಜಿಲಾಕರ್ ನೋಡಿ, ಸಿಗದಿದ್ದರೆ ಶಾಲೆಯ ಮೂಲಕ ನಕಲು ಪ್ರತಿಗೆ ಅರ್ಜಿ.

ಮುಕ್ತ ಶಾಲೆಯ ದಾರಿ ಯಾಕೆ ಬೇಡ ಎಂಬ ಪ್ರಶ್ನೆ ಬಂತು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ (ಎನ್‌ಐಒಎಸ್) ಐದು ವಿಷಯ ಪಾಸಾಗಬೇಕು. ಹಿಂದೆ ಪಾಸಾದವುಗಳಲ್ಲಿ ಎರಡಕ್ಕೆ ಮಾತ್ರ ವಿನಾಯಿತಿ ಸಿಗುತ್ತದೆ. ನಾಲ್ಕು ವಿಷಯ ಆಗಲೇ ಪಾಸಾದವನಿಗೆ ಅದು ನಷ್ಟದ ವ್ಯಾಪಾರ. ಎಂಟನೇ ತರಗತಿಗೇ ಬಿಟ್ಟವರಿಗೆ, ಐದಾರು ವಿಷಯ ಬಾಕಿ ಇರುವವರಿಗೆ ಲೆಕ್ಕ ಬೇರೆ. ಐದು ವರ್ಷದ ಅವಧಿ, ಒಂಬತ್ತು ಅವಕಾಶ ಅವರಿಗೆ ದೊಡ್ಡ ಆಸರೆ.

ಓದು

ಜಾಗ: ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಗ್ರಂಥಾಲಯ. ಸಮಯ: ನಾಲ್ಕು ದಿನ ಬೆಳಗ್ಗೆ 6:30ರಿಂದ 8, ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ಅಷ್ಟು ಬೇಗ ಬಾಗಿಲು ತೆರೆಯಲು ಗ್ರಂಥಪಾಲಕರ ಮನೆಯಿಂದ ಕೀಲಿ ತರುವ ಏರ್ಪಾಡು ಬೇಕಾಯಿತು. ವಾರಕ್ಕೆ ಒಂಬತ್ತು ಗಂಟೆ, ಇಪ್ಪತ್ತು ವಾರ, ಒಟ್ಟು 180 ಗಂಟೆ ಎಂದು ಯೋಜನೆ. ನಡೆದದ್ದು 110ರ ಹತ್ತಿರ. ಯೋಜನೆ ಹಾಕುವವರು ಮೊದಲೇ ಮೂರನೇ ಒಂದು ಭಾಗ ಕಳೆದು ಲೆಕ್ಕ ಹಾಕುವುದು ಒಳ್ಳೆಯದು.

ಮೊದಲ ದಿನ ಹತ್ತನೇ ತರಗತಿಯ ಪುಸ್ತಕ ತೆರೆಯಲಿಲ್ಲ. ಅರ್ಧ ಹಾಳೆಯ ಪರೀಕ್ಷೆ: ದಶಕ ತೆಗೆದುಕೊಳ್ಳುವ ಕಳೆಯುವಿಕೆ, 845ನ್ನು 7ರಿಂದ ಭಾಗಾಕಾರ, ಎರಡು ಭಿನ್ನರಾಶಿ ಕೂಡುವುದು, −3 ಮತ್ತು −5ರ ಗುಣಲಬ್ಧ, ಒಂದು ಪ್ಯಾರಾ ಓದಿ ಅರ್ಥ ಹೇಳುವುದು. ಓದು ಸಲೀಸು. ಭಾಗಾಕಾರ ತಡವರಿಸಿತು. ಋಣ ಸಂಖ್ಯೆ ಪೂರ್ತಿ ಕೈಕೊಟ್ಟಿತು. ಅದೇ ಅವನ ಗಣಿತದ ಗಾಯ, ಉಳಿದದ್ದೆಲ್ಲ ಅಲ್ಲಿಂದಲೇ ಕೀವು ಹಿಡಿದದ್ದು. ಮೊದಲ ಮೂರು ವಾರ ಇದಕ್ಕೇ ಮೀಸಲಾಯಿತು. ಉಸ್ತಾದರ ಉದ್ದರಿ ಪುಸ್ತಕವೇ ಪಾಠದ ಪುಸ್ತಕ: ಗಿರಾಕಿ ₹500 ಬಾಕಿ, ₹200 ಕೊಟ್ಟ, ಮತ್ತೆ ₹350ರ ಕೆಲಸ ಮಾಡಿಸಿದ, ಈಗ ಎಷ್ಟು ಬಾಕಿ?

ವಿಜ್ಞಾನ ಸುಲಭವಾಗಿ ದಕ್ಕಿತು. ವಿದ್ಯುತ್ ಅಧ್ಯಾಯವನ್ನು ಅವನು ಆಗಲೇ ಕೈಯಲ್ಲಿ ಬಲ್ಲ. 12 ವೋಲ್ಟ್ ಬ್ಯಾಟರಿ, 35 ವ್ಯಾಟ್ ಹೆಡ್‌ಲೈಟ್ ಬಲ್ಬು. 35ನ್ನು 12ರಿಂದ ಭಾಗಿಸಿದರೆ ಸುಮಾರು 2.9 ಆಂಪಿಯರ್, ಬಲ್ಬಿನ ರೋಧ ಸುಮಾರು 4.1 ಓಮ್. ಅಲ್ಲಿ 2 ಆಂಪಿಯರಿನ ಫ್ಯೂಸ್ ಹಾಕಿದರೆ ಯಾಕೆ ಸುಡುತ್ತದೆ ಎಂದು ಅವನೇ ವಿವರಿಸಿದ. ಹೃದಯ, ಮೆದುಳು, ಹೂವಿನ ಛೇದ, ಪೀನ ಮಸೂರದ ಕಿರಣ ಚಿತ್ರ ಇವನ್ನು ದಿನಕ್ಕೊಂದರಂತೆ ಬರೆಸಿ, ಭಾಗ ಗುರುತಿಸುವುದನ್ನು ರೂಢಿ ಮಾಡಿಸಲಾಯಿತು. ಇಂಜಿನ್ ಬಿಚ್ಚಿ ಜೋಡಿಸಿದ ಕೈ ಚಿತ್ರದಲ್ಲಿ ತಪ್ಪುವುದಿಲ್ಲ.

ಗಣಿತಕ್ಕೆ ಎಲ್ಲ ಅಧ್ಯಾಯ ಮುಗಿಸುವ ಆಸೆ ಬಿಡಬೇಕು. 2025ರ ಪರೀಕ್ಷೆಗೆ ಇದ್ದ ನಿಯಮದಲ್ಲಿ 80ರ ಲಿಖಿತಕ್ಕೆ 28 ಬೇಕು. 1 ಅಂಕದ 16, 2 ಅಂಕದ 8, 3 ಅಂಕದ 9, 4 ಅಂಕದ 4, 5 ಅಂಕದ 1 ಪ್ರಶ್ನೆ, ಒಟ್ಟು 38. ಆರಿಸಿಕೊಂಡದ್ದು ಇವು: ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ ಮತ್ತು ಅದರ ನಕ್ಷೆ, ಸಮಾಂತರ ಶ್ರೇಢಿ, ಸಂಖ್ಯಾಶಾಸ್ತ್ರದ ಸರಾಸರಿ, ಮಧ್ಯಾಂಕ, ಬಹುಲಕ, ಸಂಭವನೀಯತೆ, ದೂರದ ಸೂತ್ರ, ಥೇಲ್ಸ್ ಪ್ರಮೇಯ, ಸ್ಪರ್ಶಕದ ಪ್ರಮೇಯ, ಸೂತ್ರದಿಂದ ಬಿಡಿಸುವ ವರ್ಗ ಸಮೀಕರಣ.

ವರ್ಗ ಸಮೀಕರಣವನ್ನು ಅಪವರ್ತನದಿಂದ ಕಲಿಸಲು ಹೋಗಿ ಎರಡು ವಾರ ಹಾಳಾಯಿತು. ಯಾವ ಎರಡು ಸಂಖ್ಯೆ ಕೂಡಿದರೆ ಇದು, ಗುಣಿಸಿದರೆ ಅದು ಎಂಬ ಹುಡುಕಾಟಕ್ಕೆ ಮಗ್ಗಿ ನಾಲಿಗೆಯ ತುದಿಯಲ್ಲಿರಬೇಕು. ಸೂತ್ರಕ್ಕೆ ಬೇಕಾದದ್ದು ಶಿಸ್ತು ಮಾತ್ರ. ಆದರೂ ಅಲ್ಲಿ ಒಂದು ಕುಣಿಕೆ ಇದೆ. x² − 5x + 6 = 0ರಲ್ಲಿ b ಅಂದರೆ −5, ಅದರ ವರ್ಗ 25. ಇವನು ಪ್ರತಿ ಸಲ −25 ಬರೆಯುತ್ತಿದ್ದ. ಮೊದಲ ಸಾಲಿನಲ್ಲಿ a, b, c ಬೆಲೆ ಬರೆದು, ಋಣ ಸಂಖ್ಯೆಗೆ ಆವರಣ ಹಾಕಿ, ಎರಡನೇ ಸಾಲಿನಲ್ಲಿ b² − 4ac ಒಂದನ್ನೇ ಬಿಡಿಸುವುದು ಎಂದು ಕಟ್ಟುಮಾಡಿದ ಮೇಲೆ ತಪ್ಪು ನಿಂತಿತು.

ಡಿಸೆಂಬರಿನಲ್ಲಿ ಎಲ್ಲ ಕುಸಿಯಿತು. ಬೆಂಗಳೂರಿಗೆ ಗುಳೆ ಹೋದ ಮಾವ ಫೋನ್ ಮಾಡಿದರು: ಸೆಂಟ್ರಿಂಗ್ ಕೆಲಸ, ದಿನಕ್ಕೆ ₹700, ಊಟ ಮೇಸ್ತ್ರಿಯದು. ಹುಡುಗ ಯಾರಿಗೂ ಹೇಳದೆ ರಾತ್ರಿ ಬಸ್ ಹತ್ತಿದ. ಇಂಥ ಹೊತ್ತಿನಲ್ಲಿ 'ಬಿಟ್ಟುಹೋದವನು' ಎಂದು ಪಟ್ಟಿಯಿಂದ ಹೆಸರು ಹೊಡೆಯುವುದು ಕಾರ್ಯಕ್ರಮಗಳ ಅಭ್ಯಾಸ. ಹೆಸರು ಹೊಡೆದರೆ ವರದಿ ಚೊಕ್ಕವಾಗುತ್ತದೆ, ಹುಡುಗ ಕೈತಪ್ಪುತ್ತಾನೆ. ಇಲ್ಲಿ ಹೆಸರು ಹಾಗೇ ಉಳಿಯಿತು. ಬೈಗುಳವೂ ಇಲ್ಲ, ಬುದ್ಧಿಮಾತೂ ಇಲ್ಲ. ರಾತ್ರಿ 9ಕ್ಕೆ ವಾಟ್ಸಾಪ್‌ನಲ್ಲಿ ಒಂದು ಪ್ರಶ್ನೆ, ಅಷ್ಟೇ. ಮೊದಲ ಐದು ದಿನ ಎರಡು ನೀಲಿ ಗೀಟು, ಉತ್ತರ ಇಲ್ಲ. ಆರನೇ ದಿನ ಸಿಮೆಂಟ್ ಚೀಲದ ತುಂಡಿನ ಮೇಲೆ ಬಿಡಿಸಿದ ಶ್ರೇಢಿಯ ಲೆಕ್ಕದ ಫೋಟೋ ಬಂತು. ಮೂರು ವಾರಕ್ಕೆ ಮರಳಿದ, ಮೇಸ್ತ್ರಿ ಹೇಳಿದಷ್ಟು ಕೊಡಲಿಲ್ಲವಂತೆ. ಉಸ್ತಾದರು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ, ಮೂರನೇ ದಿನ ಪಾನಾ ಕೈಗೆ ಕೊಟ್ಟರು.

ಮಾರ್ಚ್ 2025ರ ಪರೀಕ್ಷೆ-1. ವಿಜ್ಞಾನ 80ಕ್ಕೆ 33, ಪಾಸ್. ಗಣಿತ 19.

ಇಂಥ ಎರಡನೇ ಸೋಲು ಮೊದಲನೆಯದಕ್ಕಿಂತ ಅಪಾಯ, 'ನನ್ನ ತಲಿಗೆ ಹತ್ತೂದಿಲ್ಲ' ಎಂಬುದಕ್ಕೆ ಸಾಕ್ಷಿ ಸಿಕ್ಕಂತೆ. ಅದಕ್ಕೇ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ಮುಂದಿಟ್ಟುಕೊಂಡು ಕೂತರು. ಬರೆದ ಲೆಕ್ಕ ಬಹುತೇಕ ಸರಿ. ಬರೆಯದೇ ಬಿಟ್ಟದ್ದೇ ಹೆಚ್ಚು, ಅದೂ ಬರುತ್ತಿದ್ದ ನಕ್ಷೆ ಮತ್ತು ಪ್ರಮೇಯ. ಒಂದನೇ ಪ್ರಶ್ನೆಯಿಂದ ಕ್ರಮವಾಗಿ ಶುರುಮಾಡಿ, ಒಂದು ಅಂಕದವುಗಳಲ್ಲೇ ಒಂದು ಗಂಟೆ ಸಿಕ್ಕಿಬಿದ್ದಿದ್ದ.

ಫಲಿತಾಂಶ ಮೇ ಮೊದಲ ವಾರ, ಪರೀಕ್ಷೆ-2 ಅದೇ ತಿಂಗಳ ಕೊನೆಗೆ. ಪೂರಕ ಪರೀಕ್ಷೆ ಎಂಬ ಹೆಸರು 2024ಕ್ಕೆ ಹೋಗಿದೆ, ಆ ವರ್ಷವೂ 2025ರಲ್ಲೂ ಪರೀಕ್ಷೆ-3 ಕೂಡ ನಡೆಯಿತು. ಮೂರು ವಾರದಲ್ಲಿ ಹೊಸದೇನೂ ಕಲಿಸಲಿಲ್ಲ. ಬರೆಯುವ ಕ್ರಮ ಮಾತ್ರ ತಿರುವುಮುರುವಾಯಿತು: ಓದಲು ಕೊಡುವ ಹದಿನೈದು ನಿಮಿಷದಲ್ಲಿ ಬರುವ ಪ್ರಶ್ನೆಗಳನ್ನು ಗುರುತಿಸಿಕೊಳ್ಳುವುದು, ಮೊದಲು ನಕ್ಷೆ, ಆಮೇಲೆ ಪ್ರಮೇಯ, ಸಂಖ್ಯಾಶಾಸ್ತ್ರದ ಕೋಷ್ಟಕ, ಶ್ರೇಢಿ, ಕೊನೆಗೆ ಒಂದು ಅಂಕದವು. ಹಳೆಯ ಆರು ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟು ಬರೆಸಲಾಯಿತು. ಈ ಸಲ 31.

2025-26ರಿಂದ ನಿಯಮ ಸಡಿಲಾಗಿದೆ: ಒಟ್ಟು 625ಕ್ಕೆ 206, ಪ್ರತಿ ವಿಷಯದಲ್ಲಿ ಆಂತರಿಕ ಅಂಕವೂ ಸೇರಿ ಶೇ 30. ಇವನ 19ಕ್ಕೆ ಆಂತರಿಕ 17 ಕೂಡಿದರೆ 36. ಒಂದು ವರ್ಷ ತಡವಾಗಿ ಬರೆದಿದ್ದರೆ ಮೊದಲ ಸಲವೇ ದಾಟುತ್ತಿದ್ದ. ಹಳೇ ಫೇಲಾದವರನ್ನು ಈಗ ಹುಡುಕಿ ಮಾತಾಡಿಸಲು ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.

ಕೆಲಸ

ಐಟಿಐ ಸೇರು ಎಂದು ಮೇಷ್ಟ್ರು ಹೇಳಿದರು. ಮೋಟಾರು ವಾಹನ ಮೆಕ್ಯಾನಿಕ್ ಎರಡು ವರ್ಷದ ಕೋರ್ಸು. ಎರಡು ವರ್ಷ ವಾರಕ್ಕೆ ₹1,200 ನಿಂತರೆ ತಂಗಿಯ ಓದು ನಿಲ್ಲುತ್ತದೆ ಎಂದು ತಾಯಿ ಹೇಳಿದ್ದರಲ್ಲಿ ತಪ್ಪಿಲ್ಲ. ಜಿಲ್ಲಾ ಕೇಂದ್ರದ ಸರ್ವಿಸ್ ಸೆಂಟರಿನಲ್ಲಿ ₹11,000 ಸಂಬಳದ ಮಾತೂ ಬಂತು. ರೂಮು ₹2,500, ಊಟ ₹3,500, ಓಡಾಟ ₹800 ಕಳೆದರೆ ಉಳಿಯುವುದು ₹4,200. ಊರಲ್ಲಿದ್ದರೆ ತಿಂಗಳಿಗೆ ₹7,800. 'ಉದ್ಯೋಗ ದೊರೆತವರು' ಎಂಬ ಪಟ್ಟಿಗೆ ಸಂಖ್ಯೆ ಸೇರಿಸುವ ಅವಸರದವರು ಇಂಥ ಕೆಲಸಕ್ಕೆ ತಳ್ಳುತ್ತಾರೆ. ಎರಡನೇ ತಿಂಗಳಿಗೆ ಹುಡುಗರು ವಾಪಸ್.

ಹೊಂದಿದ್ದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯ 30 ದಿನದ ದ್ವಿಚಕ್ರ ವಾಹನ ದುರಸ್ತಿ ತರಬೇತಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಕಟ್ಟಿದ ರುಡ್‌ಸೆಟ್ ಮಾದರಿಯೇ ಆಮೇಲೆ ದೇಶದ ಜಿಲ್ಲೆ ಜಿಲ್ಲೆಗೂ ಹೋದದ್ದು. 18 ತುಂಬಿರಬೇಕು. ಊಟ, ವಸತಿ, ತರಬೇತಿ ಉಚಿತ, ಮುಗಿದ ಮೇಲೂ ಎರಡು ವರ್ಷ ವಿಚಾರಿಸುತ್ತಾರೆ.

ಉಚಿತ ಎಂದರೂ ತಿಂಗಳ ಕೂಲಿ ಹೋಗುತ್ತದೆ, ಸುಮಾರು ₹7,800. ಇದಕ್ಕೆ ಜನವರಿಯಿಂದಲೇ ತಯಾರಿ ನಡೆದಿತ್ತು: ವಾರಕ್ಕೆ ₹200ರಂತೆ 24 ವಾರ ಕಟ್ಟಿದ್ದು ₹4,800, ಉಸ್ತಾದರ ಮುಂಗಡ ₹2,000. ಉಳಿದ ಸಾವಿರಕ್ಕೆ ತಾಯಿಯ ಸಂಘದ ಸಾಲ. ತಿಂಗಳೂ ನೋಡಿ ಆರಿಸಿದ್ದು. ಜುಲೈನಲ್ಲಿ ಬಿತ್ತನೆ ಮುಗಿದು ಜನರ ಕೈ ಬರಿದಾಗಿರುತ್ತದೆ, ಗ್ಯಾರೇಜು ತಣ್ಣಗಿರುತ್ತದೆ.

ಐದನೇ ದಿನಕ್ಕೆ ಬೇಸರ. ಪಾನಾ, ಪಕ್ಕಡ್ ಹಿಡಿಯಲು ಕಲಿಯುತ್ತಿದ್ದವರ ನಡುವೆ ಇವನು ನಾಲ್ಕು ವರ್ಷ ಕ್ಲಚ್ ಪ್ಲೇಟ್ ಬದಲಿಸಿದವನು. ತರಬೇತುದಾರರಿಗೆ ವಿಷಯ ತಿಳಿಸಿದಾಗ ಇವನನ್ನು ಒಂದು ತಂಡಕ್ಕೆ ಸಹಾಯಕನನ್ನಾಗಿ ಮಾಡಿ, ಮಿಕ್ಕ ಹೊತ್ತು ಸೆನ್ಸರ್, ವೈರಿಂಗ್ ನಕ್ಷೆ, ಮಲ್ಟಿಮೀಟರ್ ಕಡೆ ಕೂರಿಸಿದರು. ಥ್ರಾಟಲ್ ಸೆನ್ಸರಿನ ವೋಲ್ಟೇಜು ಹಿಡಿಕೆ ತಿರುಗಿಸಿದಂತೆ ಏರುವುದನ್ನು ಮೀಟರಿನಲ್ಲಿ ನೋಡಿದ ದಿನ ರಾತ್ರಿ ಕಾರ್ಯಕರ್ತೆಗೆ ಫೋನ್ ಬಂತು. ಆಗ ಅವನಿಗೆ ಬೇಕಾಗಿದ್ದ ಗಣಿತ ನಕ್ಷೆ ಓದುವುದು ಮಾತ್ರ, ಅದು ಬರುತ್ತಿತ್ತು.

ಕೊನೆಯಲ್ಲಿ ಸಾಲದ ಮಾತು. ಮುದ್ರಾದ ಶಿಶು ವಿಭಾಗದಲ್ಲಿ ₹50,000ದವರೆಗೆ ಸಿಗುತ್ತದೆ, ಸ್ವಂತ ಗ್ಯಾರೇಜು ಹಾಕು ಎಂಬ ಒತ್ತಾಯವಿತ್ತು. ಬೇಡ ಎಂದದ್ದು ಸರಿ. ಗಿರಾಕಿ ಉಸ್ತಾದರ ಹೆಸರಿಗೆ ಬರುತ್ತಾರೆ, ಇವನ ಹೆಸರಿಗಲ್ಲ. ಉಸ್ತಾದರೇ ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್ ಕೊಂಡರು. ಕೂಲಿ ₹450 ಆಯಿತು, ಸ್ಕ್ಯಾನರ್ ಹಚ್ಚುವ ಪ್ರತಿ ಗಾಡಿಗೆ ₹50 ಬೇರೆ.

ಒಟ್ಟು ಹತ್ತು ತಿಂಗಳು. ಕಾರ್ಯಕರ್ತೆಗೆ ಇವನೊಬ್ಬನಿಗೆ ವಾರಕ್ಕೆ ಸರಾಸರಿ ಎರಡೂವರೆ ಗಂಟೆ ಹಿಡಿದಿದೆ, ಪಾಠ ಹೇಳಿದವರ ಗಂಟೆ ಬೇರೆ. ಒಬ್ಬ ಕಾರ್ಯಕರ್ತೆಗೆ ಹದಿನೈದಕ್ಕಿಂತ ಹೆಚ್ಚು ಮಂದಿಯನ್ನು ಹಂಚಿದರೆ ಡಿಸೆಂಬರಿನ ಆ ಐದು ರಾತ್ರಿಗಳ ಪ್ರಶ್ನೆ ಹೋಗುತ್ತಿರಲಿಲ್ಲ. ಕೆಲಸ ಸೇರಿದ ಮೇಲೆ ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಫೋನು ನಡೆಯುತ್ತಿದೆ. ಸಂಜೆ ಕಾಲೇಜಿನಲ್ಲಿ ಪಿಯುಸಿ ಕಟ್ಟುವ ವಿಚಾರಕ್ಕೆ ಹುಡುಗ ಸದ್ಯಕ್ಕೆ "ನೋಡೂಣ್ರಿ ಅಕ್ಕಾರ" ಅಂದಿದ್ದಾನೆ. ಅಂಕಪಟ್ಟಿಯ ಒಂದು ಝೆರಾಕ್ಸ್ ಪ್ರತಿ ಮಾತ್ರ ಸ್ಕ್ಯಾನರ್ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಟ್ಟಿದ್ದಾನೆ.